ಒಂದು ಗಂಟೆಯ ಸುತ್ತು

"ಬುಧವಾರ ಸಂಜಿ ಐದಕ್ಕ ನನ್ನ ಗಂಡನ್ನ ಹಿಡಕೊಂಡು ಹೋಗ್ತಾರ್ರಿ ಕಾಕಾ. ಅಷ್ಟರಾಗ ಏನಾರ ಮಾಡ್ರಿ."

ಸಾಬೀರಾ ಹೀಗೆ ಬಂದು ನಿಂತದ್ದು ೧೯೭೪ರ ಫೆಬ್ರುವರಿಯ ಒಂದು ಸೋಮವಾರ, ಬಸವನ ಬಾಗೇವಾಡಿಯ ತಹಶೀಲ್ದಾರ ಕಚೇರಿಯ ಎದುರು, ನಮ್ಮ ತಗಡಿನ ಚಪ್ಪರದಲ್ಲಿ. ಚಂದಪ್ಪ ಅಲ್ಲಿ ಇಪ್ಪತ್ತು ವರ್ಷದಿಂದ ಅರ್ಜಿ ಬರೆಯುತ್ತಿದ್ದ. ನಾನು, ಸೋಮನಿಂಗ, ಅವನ ಟೈಪಿಸ್ಟ್. ಕಳವಾದ ಎತ್ತು, ಖೊಟ್ಟಿ ಸಹಿ, ಸತ್ತವರ ಹೆಸರಿನ ಕಾಗದ, ಪೊಲೀಸರು ಕೈಬಿಟ್ಟದ್ದೆಲ್ಲ ಅವನ ಮುಂದೆ ಬರುತ್ತಿತ್ತು. ಹೆಚ್ಚಿನವನ್ನು ಬಿಡಿಸಿದ್ದ, ಕೆಲವನ್ನು ಇನ್ನಷ್ಟು ಕೆಡಿಸಿಯೂ ಇದ್ದ.

"ಅಳೂದು ಆಮ್ಯಾಲ ಮಾಡುವಂತಿ ತಂಗಿ. ಮೊದಲ ಏನಾತು ಹೇಳು" ಎಂದ.

"ನಾ ಎಲ್ಲಿ ಅಳಾಕತ್ತೇನ್ರಿ?" ಎಂದಳು ಸಾಬೀರಾ. ನಿಜ, ಅವಳು ಅಳುತ್ತಿರಲಿಲ್ಲ.

ಅವಳ ಗಂಡ ಶಮಶುದ್ದೀನ ಊರಿನ ವಿದ್ಯುತ್ ಸಹಕಾರಿ ಸಂಘದ ಕಂಟ್ರೋಲ್ ರೂಮಿನಲ್ಲಿ ಆಪರೇಟರ್. ಆ ಕೋಣೆಯೂ ಮುದ್ದೇಬಿಹಾಳ, ಸಿಂದಗಿ, ಇಂಡಿಯ ಕೇಂದ್ರಗಳೂ ಒಂದೇ ಟೆಲಿಫೋನ್ ತಂತಿಗೆ ಕೂಡಿದ್ದವು. ಪ್ರತಿ ಗಂಟೆಗೊಮ್ಮೆ ಆಪರೇಟರ್ ಹಿಡಿಕೆ ತಿರುವಿ ಒಂದೊಂದೇ ಕೇಂದ್ರವನ್ನು ಕರೆದು, ವೋಲ್ಟೇಜಿನ ಅಂಕಿ ಕೇಳಿ, ಲಾಗ್ ಪುಸ್ತಕದಲ್ಲಿ ಬರೆಯಬೇಕು. ಇದಕ್ಕೆ ಸುತ್ತು ಎನ್ನುತ್ತಿದ್ದರು. ಲೈನ್ ಬಂದ್ ಮಾಡುವ, ಚಾಲೂ ಮಾಡುವ ಹುಕುಮೂ ಅದೇ ಪುಸ್ತಕದಲ್ಲಿ ಏರಬೇಕು.

ಶುಕ್ರವಾರ ಮಧ್ಯಾಹ್ನ ಇಂಗಳೇಶ್ವರದ ಲೈನ್ ಬಂದ್ ಇತ್ತು. ಲೈನ್‌ಮನ್ ಮಾಳಿಂಗಪ್ಪ ಕಂಬದ ಮೇಲಿದ್ದ. ಅವನು ಇಳಿಯುವ ಮೊದಲೇ ತಂತಿಗೆ ಕರೆಂಟ್ ಬಂತು. ಕೆಳಗಿದ್ದ ಇಬ್ಬರು ಕೂಲಿಗಳು ಅವನನ್ನು ಇಳಿಸುವಷ್ಟರಲ್ಲಿ ಸತ್ತಿದ್ದ. ಕಂಟ್ರೋಲ್ ರೂಮಿನ ಪುಸ್ತಕದಲ್ಲಿ ಮಾತ್ರ ಹೀಗಿತ್ತು: ೧-೦೫ಕ್ಕೆ ಮಾಳಿಂಗಪ್ಪನ ಫೋನ್, ಕೆಲಸ ಮುಗಿದಿದೆ. ೧-೦೮ಕ್ಕೆ ಲೈನ್ ಚಾಲೂ. ಪುಟದ ಕೆಳಗೆ ಶಮಶುದ್ದೀನನ ಸಹಿ. ಮಾಳಿಂಗಪ್ಪ ಫೋನ್ ಮುಟ್ಟಲೇ ಇಲ್ಲ ಎಂದು ಇಬ್ಬರೂ ಕೂಲಿಗಳು ಹೇಳಿದ್ದರು. ಅಂದರೆ ಬರಹ ಸುಳ್ಳು, ಸಹಿ ಶಮಶುದ್ದೀನನದು. ಪೊಲೀಸ್ ಫೌಜದಾರರಿಗೆ ಅಷ್ಟು ಸಾಕಾಗಿತ್ತು.

"ಆ ಹೊತ್ತಿಗೆ ಅವರು ಮನ್ಯಾಗಿದ್ರು" ಎಂದಳು ಸಾಬೀರಾ. "ನನಗ ಜ್ವರ ಬಂದಿತ್ತು. ಇಂಜಿನಿಯರ್ ಸಾಹೇಬ್ರು 'ಹೋಗಿ ಬಾ, ನಾ ಕೂಡ್ತೇನಿ' ಅಂದ್ರಂತ. ಈಗ ಸಾಹೇಬ್ರು ನಾ ಕೂತಿಲ್ಲ ಅಂತಾರ. ಹೆಂಡ್ತಿ ಸಾಕ್ಷಿ ನಡೆಯೂದಿಲ್ಲಂತ."

ನಾವು ಮೊದಲು ಹೋದದ್ದು ಅವರ ಮನೆಗೆ. ಶಮಶುದ್ದೀನ ಗೋಡೆಗೆ ಒರಗಿ ಕೂತಿದ್ದ.

"ನೀ ಇಲ್ಲದಾಗ ಬರದದ್ದಕ್ಕ ಸಹಿ ಯಾಕ ಹಾಕಿದಿ?" ಎಂದು ಚಂದಪ್ಪ ಕೇಳಿದ.

"ಒಂದು ನಲವತ್ತಕ್ಕ ತಿರುಗಿ ಹೋದ್ನಿರಿ. ಸಾಹೇಬ್ರು 'ಸುತ್ತು ನಾ ಮಾಡೇನಿ, ಸಹಿ ಹಾಕು' ಅಂದ್ರು. ಸಾಹೇಬ್ರು ಅಂದ್ಮ್ಯಾಲ ಓದಿ ನೋಡ್ತಾರೇನ್ರಿ?"

"ಓದಬೇಕು. ಹೋಗ್ಲಿ, ಸುತ್ತು ಹೆಂಗ ಮಾಡ್ತಿ ಹೇಳು."

"ಮೊದಲ ಇಂಡಿ, ಆಮ್ಯಾಲ ಸಿಂದಗಿ, ಕಡೀಕ ಮುದ್ದೇಬಿಹಾಳ. ಇಂಡಿಗೆ ಹುಕುಂ ಇದ್ರ ಅಲ್ಲೇ ಹೇಳಿ ಬಿಡೂದು, ಉಳದಿಬ್ಬರು ಅಂಕಿ ಕೊಟ್ಟು ರಿಸೀವರ್ ಕಿವಿಗೆ ಹಿಡಕೊಂಡ ಇರಬೇಕು. ಅವರಿಗೇನಾರ ಹುಕುಂ ಇದ್ರ ಕೂಡೇ ಹೇಳಿ 'ಸುತ್ತು ಮುಗೀತು' ಅಂದ ಮ್ಯಾಲ ಇಡೂದು."

ಸಂಘದ ಕಚೇರಿಯಲ್ಲಿ ಇಂಜಿನಿಯರ್ ಶ್ರೀಶೈಲಪ್ಪ ನಮ್ಮನ್ನು ನಿಲ್ಲಿಸಿಯೇ ಮಾತಾಡಿಸಿದ. ಪುಸ್ತಕ ತೋರಿಸಲು ತಕರಾರು ಮಾಡಲಿಲ್ಲ. ಕೆಲಸ ಮುಗಿದಿದೆ, ಲೈನ್ ಚಾಲೂ ಎನ್ನುವ ಮಾತುಗಳಿಗೆ ರಬ್ಬರ್ ಶಿಕ್ಕೆಗಳಿದ್ದವು. ಪೆನ್ಸಿಲ್ಲಿನಿಂದ ತುಂಬುವುದು ಬರೀ ಅಂಕಿ. ಯಾರ ಕೈ ಎಂದು ಹೇಳುವಂತಿರಲಿಲ್ಲ. ಅಚ್ಚು ಹಾಕಿದ ಪುಟದಲ್ಲಿ ಮೇಲಿಂದ ಮುದ್ದೇಬಿಹಾಳ, ಸಿಂದಗಿ, ಇಂಡಿ ಎಂದು ಮೂರು ಸಾಲು. ಶುಕ್ರವಾರ ಒಂದು ಗಂಟೆಗೆ ಮೂರಕ್ಕೂ ಅಂಕಿ ಇತ್ತು. ಇಂಡಿಯದು ೧೦.೬.

"ನಾ ನನ್ನ ಕೋಣ್ಯಾಗಿದ್ದೆ" ಎಂದ ಶ್ರೀಶೈಲಪ್ಪ. "ಶಮಶುದ್ದೀನ ಕುರ್ಚಿ ಬಿಟ್ಟಿದ್ರ ಅಮೋಘಸಿದ್ಧಗ ಬಿಟ್ಟಿರಬೇಕು. ಅವಾ ಒಂದಕ್ಕ ಇಲ್ಲೇ ಪಡಸಾಲ್ಯಾಗ ಅಡ್ಡಾಡಾಕತ್ತಿದ್ದ."

ಅಮೋಘಸಿದ್ಧ ಎರಡು ಗಂಟೆಯ ಪಾಳಿಯ ಆಪರೇಟರ್. ಹಿಂದಿನ ವಾರ ಬಸ್ ಸ್ಟ್ಯಾಂಡಿನಲ್ಲಿ ಮಾಳಿಂಗಪ್ಪನ ಅಂಗಿ ಹಿಡಿದು ಜಗಳಾಡಿದ್ದನ್ನು ಊರೇ ನೋಡಿತ್ತು.

"ಹೊಡದಾಡೇನಿ, ಹೌದು" ಎಂದ ಅವನು. "ಅದಕ್ಕ ಕೊಲ್ತಾರೇನು? ಬಿಸಲಾಗಿಂದ ಲಗೂನ ಬಂದು ಹೊರಗ ಮಲಗಿದ್ದೆ."

ಮಲಗಿದವನಿಗೆ ಒಳಗೆ ಯಾರಿದ್ದರೋ ಗೊತ್ತಿರಲಿಲ್ಲ.

ಚಂದಪ್ಪ ಹೊರಗೆ ಬಂದವನೇ ಬಸ್ಸಿಗೆ ನಡೆದ. "ಕಚೇರಿ ಕಾಗದಕ್ಕ ಒಂದು ಪ್ರತಿ ಇರತೈತಿ ಸೋಮನಿಂಗ. ಇಲ್ಲಿಂದ ಕರದವರು ಒಂದ ಪುಸ್ತಕ ಬರದಾರ. ಅಲ್ಲಿ ಓಗೊಟ್ಟವರು ಏನ ಬರದಾರ ನೋಡೂಣು."

ಸೋಮವಾರ ಮುದ್ದೇಬಿಹಾಳ, ಮಂಗಳವಾರ ಸಿಂದಗಿ ಮತ್ತು ಇಂಡಿ. ಎರಡು ದಿನ ಧೂಳು ತಿಂದೆವು. ಮೂರೂ ಕಡೆ ಗಡಿಯಾರಗಳನ್ನು ದಿನಾ ಬೆಳಿಗ್ಗೆ ಎಂಟಕ್ಕೆ ಬಾಗೇವಾಡಿಯ ಗಡಿಯಾರಕ್ಕೆ ಹೊಂದಿಸುತ್ತಿದ್ದರು. ಕರೆ ಬಂದ ನಿಮಿಷವನ್ನೂ ಬರೆಯುತ್ತಿದ್ದರು. ಶುಕ್ರವಾರದ ಸಾಲುಗಳನ್ನು ನಾನು ಇಳಿಸಿಕೊಂಡೆ. ಮುದ್ದೇಬಿಹಾಳ, ೧-೦೦. ಸಿಂದಗಿ, ೧-೦೨. ಇಂಡಿಯ ಪುಸ್ತಕದಲ್ಲಿ ಅಂಕಿಯ ಜಾಗ ಖಾಲಿ ಇತ್ತು, ಪಕ್ಕದಲ್ಲಿ, "೧-೦೫ಕ್ಕೆ ಗಂಟೆ ಬಾರಿಸಿತು, ಮಾತು ಕೇಳಿಸಲಿಲ್ಲ. ೧-೦೭ ಮತ್ತೆ, ಕೇಳಿಸಲಿಲ್ಲ."

ಕರೆದ ದನಿ ಯಾರದೆಂದು ಕೇಳಿದರೆ ಸಿಂದಗಿಯವನು ನೆನಪಿಲ್ಲ ಎಂದ. ಮುದ್ದೇಬಿಹಾಳದ ಬಂದೇನವಾಜ ಇನ್ನೂ ನೇರವಾಗಿ ಹೇಳಿದ್ದ: "ನಂದು ಹಂಗಾಮಿ ನೌಕರಿ ಐತ್ರಿ. ನನಗ ದನಿ ಗುರ್ತ ಹತ್ತೂದಿಲ್ಲ."

ಬುಧವಾರ ನಾಲ್ಕಕ್ಕೆ ಐದು ನಿಮಿಷ ಇರುವಾಗ ಕಂಟ್ರೋಲ್ ರೂಮಿನಲ್ಲಿ ಎಲ್ಲರೂ ಸೇರಿದ್ದೆವು. ಫೌಜದಾರ ಚನ್ನಬಸಯ್ಯ ವಾರಂಟಿನ ಕಾಗದ ಮಡಚಿ ಜೇಬಿನಲ್ಲಿಟ್ಟುಕೊಂಡೇ ಬಂದಿದ್ದರು. ಸಾಬೀರಾ ಬಾಗಿಲಲ್ಲಿ ನಿಂತಿದ್ದಳು. ಶಮಶುದ್ದೀನ ನೆಲ ನೋಡುತ್ತಿದ್ದ.

"ನಾಕರ ಸುತ್ತಿನ ಹೊತ್ತಾತು" ಎಂದ ಚಂದಪ್ಪ. "ಇಬ್ಬರೂ ಆಪರೇಟರ್ ಮ್ಯಾಲ ಸಂಶಯ ಐತಿ. ಅವರ ಕೈಯಾಗ ಪುಸ್ತಕ ಕೊಡಾಕ ಬರೂದಿಲ್ಲ. ಸಾಹೇಬ್ರ, ನೀವ ಮಾಡ್ತೀರೇನು? ಬರತೈತಲ್ರಿ?"

"ನಾ ಇಂಜಿನಿಯರ್ ಅದೇನಿ" ಎಂದು ಶ್ರೀಶೈಲಪ್ಪ ಕುರ್ಚಿ ಎಳೆದುಕೊಂಡ.

ಪುಸ್ತಕ ಬಿಚ್ಚಿ, ಮೇಲಿನ ಸಾಲಿನ ಮೇಲೆ ಬೆರಳಿಟ್ಟು, ಮುದ್ದೇಬಿಹಾಳವನ್ನು ಕರೆದ. ಅಂಕಿ ಬಂತು. ಸಿಂದಗಿ ಕರೆದ. ಬಂತು. ಇಂಡಿ ಕರೆದ.

"ಹಲೋ ಇಂಡಿ! ಹಲೋ!"

ಶಮಶುದ್ದೀನ ಬಾಯಿ ತೆರೆದ. ಚಂದಪ್ಪ ಕೈ ಎತ್ತಿ ಸುಮ್ಮನಿರಿಸಿದ. ಶ್ರೀಶೈಲಪ್ಪ ಮತ್ತೆ ತಿರುವಿದ, ಮತ್ತೆ ಕೂಗಿದ.

"ಲೈನ್ ಕೆಟ್ಟೈತಿ."

"ಸುತ್ತು ಮುಗೀತು ಅಂತ ಹೇಳಿ ಇಡ್ರಿ. ಅಮೋಘಸಿದ್ಧ, ಈಗ ನೀ ಮಾಡು."

ಅಮೋಘಸಿದ್ಧ ಪುಸ್ತಕದ ಕಡೆ ನೋಡಲೂ ಇಲ್ಲ. ಇಂಡಿ ಕರೆದ. ಅಂಕಿ ಸ್ವಚ್ಛವಾಗಿ ಬಂತು. ಆಮೇಲೆ ಸಿಂದಗಿ, ಆಮೇಲೆ ಮುದ್ದೇಬಿಹಾಳ. ರಿಸೀವರನ್ನು ಮೇಜಿನ ಮೇಲೆ ಇಟ್ಟ.

"ಇಂಡಿ ಮೊದಲ ಯಾಕ?" ಎಂದು ಚಂದಪ್ಪ ಕೇಳಿದ.

"ದೂರದ ತುದಿ ಅಲ್ಲೇನ್ರಿ ಅದು. ಉಳದವರು ರಿಸೀವರ್ ಎತ್ತಿದ್ರ ದನಿ ಸಣ್ಣ ಆಗಿ ಇಂಡಿ ತನಕಾ ಮುಟ್ಟೂದಿಲ್ಲ. ನಾವು ಬಂದಾಗಿಂದ ಹಿಂಗ. ಯಾರೂ ಬರದಿಟ್ಟಿಲ್ಲ."

ಚಂದಪ್ಪ ಫೌಜದಾರರ ಕಡೆ ತಿರುಗಿದ. "ಶುಕ್ರವಾರ ಒಂದರ ಸುತ್ತು ಮುದ್ದೇಬಿಹಾಳದಿಂದ ಸುರು ಆಗೈತ್ರಿ. ಮೂರು ಊರಿನ ಪುಸ್ತಕದಾಗೂ ನಿಮಿಷ ಐತಿ. ಕಡೀಕ ಕರದ ಇಂಡಿಗೆ ಮಾತ ಮುಟ್ಟಿಲ್ಲ. ಮುಟ್ಟದ ಇಂಡಿ ಇಲ್ಲಿ ೧೦.೬ ಅಂತ ಹೆಂಗ ಹೇಳ್ತು? ಕೂತವನು ತಾನ ಬರಕೊಂಡಾನ. ಶಮಶುದ್ದೀನ ಇರಲಿ, ಅಮೋಘಸಿದ್ಧ ಇರಲಿ, ನಿದ್ದಿಗಣ್ಣಾಗೂ ಇಂಡಿ ಮೊದಲ ಕರೀತಾರ. ಅಚ್ಚಿನ ಸಾಲು ನೋಡಿ ಕರಿಯೂದು ಈ ಕುರ್ಚ್ಯಾಗ ಕೂತು ರೂಢಿ ಇಲ್ಲದವರು. ಈ ಕಚೇರ್ಯಾಗ ಅಂಥವರು ಒಬ್ಬರ ಅದಾರ."

"ಇದು ಪುರಾವಾ ಅಲ್ಲ!" ಶ್ರೀಶೈಲಪ್ಪ ಎದ್ದು ನಿಂತ. "ಶಮಶುದ್ದೀನ ಅವತ್ತ ಉಲ್ಟಾ ಕರದಿರಬೇಕು. ನನ್ನ ದನಿ ಕೇಳಿದವರು ಯಾರದಾರ?"

ಫೌಜದಾರರು ಗಡಿಯಾರ ನೋಡಿದರು. ಚಂದಪ್ಪನ ಹತ್ತಿರ ಮುಂದೆ ಹೇಳಲು ಏನೂ ಇರಲಿಲ್ಲ. ಅವನ ಮುಖ ನೋಡಿ ನನಗೆ ಅದು ತಿಳಿಯಿತು. ಸಾಬೀರಾಳಿಗೂ ತಿಳಿದಿರಬೇಕು. ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

ಮೇಜಿನ ಮೇಲಿನ ರಿಸೀವರ್ ಕರಕರ ಎಂದಿತು.

ಅಮೋಘಸಿದ್ಧ 'ಸುತ್ತು ಮುಗೀತು' ಎಂದಿರಲಿಲ್ಲ. ಮುದ್ದೇಬಿಹಾಳ, ಸಿಂದಗಿಯವರು ಕಿವಿಗೆ ಹಿಡಿದುಕೊಂಡೇ ಇದ್ದರು, ಕೋಣೆಯ ಮಾತೆಲ್ಲ ಅವರಿಗೆ ಕೇಳಿಸಿತ್ತು. ಫೌಜದಾರರು ರಿಸೀವರ್ ಎತ್ತಿಕೊಂಡರು. ಪಕ್ಕದಲ್ಲೇ ನಿಂತಿದ್ದ ನನಗೂ ಮಾತು ಕೇಳಿಸಿತು.

"ಮುದ್ದೇಬಿಹಾಳದಿಂದ ಬಂದೇನವಾಜ ಮಾತಾಡಾಕತ್ತೇನ್ರಿ. ಶುಕ್ರವಾರ ಕರದವರು ಸಾಹೇಬ್ರರಿ. 'ಲಗೂ ಹೇಳಲೇ, ಅಧ್ಯಕ್ಷರ ಅಳ್ಯಾನ ಎಣ್ಣಿ ಗಿರಣಿಗೆ ಕರೆಂಟ್ ಕೊಡೂದೈತಿ' ಅಂದ್ರು. ನೌಕರಿ ಹೋದ್ರ ಹೋಗ್ಲಿ."

ಒಂದು ಕ್ಷಣದ ಮೇಲೆ ಸಿಂದಗಿಯವನ ದನಿ ಬಂತು: "ನಾನೂ ಸಾಹೇಬ್ರ ದನಿ ಕೇಳೇನ್ರಿ."

ಶ್ರೀಶೈಲಪ್ಪ ಕೂತ. ಇಂಗಳೇಶ್ವರದ ಗಿರಣಿಯ ಉದ್ಘಾಟನೆ ಒಂದೂ ಕಾಲಕ್ಕಿತ್ತು, ಸಂಘದ ಅಧ್ಯಕ್ಷರು ಮೂರು ಸಲ ಫೋನ್ ಮಾಡಿದ್ದರು. "ಹನ್ನೆರಡೂವರಿಗೆ ಮುಗಸ್ತೇನಿ ಅಂದಿದ್ದ ಮಾಳಿಂಗಪ್ಪ. ಇಳದಿರತಾನ ಅಂದ್ಕೊಂಡೆ. ಸತ್ತ ಅಂತ ಗಿರಣಿಯಿಂದ ಸುದ್ದಿ ಬಂದ ಮ್ಯಾಲ ಶಿಕ್ಕೆ ಹೊಡದೆ" ಎಂದು ಒಪ್ಪಿಕೊಂಡ.

"ಆಮ್ಯಾಲ ನನ್ನ ಕಡೆ ಸಹಿ ಹಾಕಿಸಿದ್ರಿ" ಎಂದ ಶಮಶುದ್ದೀನ. ಐದು ದಿನದಲ್ಲಿ ಮೊದಲ ಸಲ ಅವನು ಸಾಹೇಬನ ಮುಖ ನೋಡಿದ್ದ.

ಫೌಜದಾರರು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಶ್ರೀಶೈಲಪ್ಪನನ್ನು ಮುಂದೆ ನಡೆಸಿದರು. ಹೋಗುತ್ತ ಶಮಶುದ್ದೀನನಿಗೆ "ನೀ ಮನಿಗೆ ಹೋಗು" ಎಂದರು.

ಅವನು ಕದಲಲಿಲ್ಲ. "ಪುಸ್ತಕ ಒಯ್ದ್ರಲ್ಲ, ಐದರ ಸುತ್ತು ಎದರಾಗ ಬರಿಯೂದು?"

"ಗ್ವಾಡಿ ಮ್ಯಾಲ ಬರೀಲಿ" ಎಂದಳು ಸಾಬೀರಾ. "ನೀವು ನಡೀರಿ."