ನೋವಿನ ಹಾಳೆಯಲ್ಲಿ ಏಳು

ಟೈಲರ್ ಮೊದಲ ಸಲ ಆ ಕ್ಲಿನಿಕ್ಕಿಗೆ ಬಂದಾಗ ಒಂದು ಕೈ ಸೊಂಟದ ಮೇಲಿತ್ತು, ಇನ್ನೊಂದು ಗೋಡೆಯ ಮೇಲೆ. ಬಗ್ಗಿದರೆ ಬೆನ್ನು ಎರಡು ತುಂಡಾಗುತ್ತದೆ ಎಂದು ಯಾರೋ ಹೇಳಿದ್ದನ್ನು ಪುಣ್ಯಾತ್ಮ ಗಟ್ಟಿಯಾಗಿ ನಂಬಿಕೊಂಡಿದ್ದ.

ಫಿಸಿಯೋಥೆರಪಿಸ್ಟ್ ಅವನನ್ನು ಮಲಗಿಸಲಿಲ್ಲ. ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು. "ಮೊದಲು ಅರ್ಧ ಗಂಟೆ ಪಾಠ, ಆಮೇಲೆ ವ್ಯಾಯಾಮ."

"ಮಾತಿಂದ ಸೊಂಟ ಸರಿಹೋಗುತ್ತಾ ಮೇಡಂ?"

"ನೋವಿದೆ ಅಂದ್ರೆ ಏನೋ ಮುರಿದಿದೆ ಅಂತಲ್ಲ. ನಿಮ್ಮ ಬೆನ್ನು ಗಟ್ಟಿಯಾಗೇ ಇದೆ. ಹೆದರಿರೋದು ನೀವು."

ಅವನಿಗೆ ಸಿಟ್ಟು ಬರಬೇಕಿತ್ತು. ಆದರೆ ಹೇಳುವಾಗ ಅವಳ ಎಡಹುಬ್ಬು ತುಸು ಮೇಲೇರಿತು, ತುಟಿಯ ತುದಿಗೆ ನಗು ಬಂದು ನಿಂತಿತು. ಟೈಲರ್ ಅಲ್ಲೇ ಸೋತ.

ಪ್ರತಿ ಗುರುವಾರ ಪಾಠ. ಮನೆಯಲ್ಲಿ ತುಂಬಿಸಿ ತರಲು ಒಂದು ಹಾಳೆ: ಹೆದರಿಕೆಯಿದ್ದರೂ ಏನು ಮಾಡಿದಿರಿ, ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು. ಐದು ವಾರ ಏಳು ಎಂದು ಬರೆದ. ಅದು ನಿಜವಾದ ಏಳೇ.

ಆರನೇ ವಾರ ಬಟ್ಟೆಯ ಥಾನು ಎತ್ತಿದ, ಅಂಗಡಿಯ ಷಟರ್ ಎಳೆದ. ಬೆನ್ನು ತಕರಾರು ಮಾಡಲಿಲ್ಲ. ನೋವು ಎರಡಕ್ಕಿಳಿದಿತ್ತು. ಆದರೆ ಮೂರಕ್ಕಿಂತ ಕೆಳಗಿಳಿದರೆ ಗುಣವಾಯಿತೆಂದು ಕ್ಲಿನಿಕ್ಕಿನವರು ಫೈಲ್ ಮುಚ್ಚುತ್ತಾರೆ. ಫೈಲ್ ಮುಚ್ಚಿದರೆ ಗುರುವಾರವೂ ಇಲ್ಲ, ಆ ಹುಬ್ಬೂ ಇಲ್ಲ. ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತ, ಆಮೇಲೆ ಏಳು ಎಂದೇ ಬರೆದ. ಊರವರ ಸೊಂಟದ ಅಳತೆಯನ್ನೆಲ್ಲ ಕೂದಲೆಳೆ ತಪ್ಪದೆ ಬರೆದುಕೊಳ್ಳುವ ಮನುಷ್ಯ ಸ್ವಂತ ಸೊಂಟದ ವಿಷಯದಲ್ಲಿ ಹೀಗೆ ಮಾಡಿದ. ವ್ಯಾಯಾಮದ ಹೊತ್ತಿಗೆ ಮುಖ ಕಿವುಚುವುದನ್ನೂ ರೂಢಿ ಮಾಡಿಕೊಂಡ.

"ಇನ್ನೂ ಏಳೇನಾ?" ಅವಳ ಹುಬ್ಬು ಈಗ ಏರುತ್ತಿರಲಿಲ್ಲ. "ನನಗೇ ಹೇಳಿಕೊಡೋಕೆ ಬರ್ತಿಲ್ವೇನೋ. ಮತ್ತೆ ಮೊದಲಿಂದ ಶುರು ಮಾಡೋಣ."

ಅವನು ಒಳಗೊಳಗೇ ಹಿಗ್ಗಿದ. ಮೊದಲಿನಿಂದ ಎಂದರೆ ಇನ್ನೂ ಆರು ಗುರುವಾರ.

ಹನ್ನೆರಡನೇ ಗುರುವಾರ ಹೊಸ ಶರ್ಟ್ ಹೊಲಿದು ಹಾಕಿಕೊಂಡು ಹೋದ. ಇವತ್ತು ಮನಸ್ಸಿನಲ್ಲಿರುವುದನ್ನು ಹೇಳಿಬಿಡಬೇಕು. ಅವಳ ಕೋಣೆಯಲ್ಲಿ ಇಬ್ಬರು ಯಾವುದೋ ಯಂತ್ರ ಜೋಡಿಸುತ್ತಿದ್ದರು. ಅವಳು ತನ್ನ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು.

"ಪಾಠ ನಿಲ್ಲಿಸಿ ಯಂತ್ರ ತರಿಸಿದ್ರು," ಎಂದಳು. "ದೊಡ್ಡ ಡಾಕ್ಟ್ರು ಮೂರು ತಿಂಗಳು ನೋಡೋಣ ಅಂದಿದ್ರು. ಐದು ಜನರಲ್ಲಿ ನಾಲ್ವರು ಗುಣ ಆಗಬೇಕಿತ್ತು. ಮೂವರಾದ್ರು. ನಾನು ಇವತ್ತೇ ಬೇರೆ ಊರಿಗೆ ಹೊರಟೆ."

ಅವಳ ಕೈಯಿಂದ ಪೆನ್ಸಿಲ್ ಜಾರಿ ಮೇಜಿನ ಕೆಳಗೆ ಉರುಳಿತು. ಟೈಲರ್ ಯೋಚಿಸಲೇ ಇಲ್ಲ. ಪೂರ್ತಿ ಬಗ್ಗಿ, ಎತ್ತಿ, ನೆಟ್ಟಗೆ ನಿಂತ.

ಅವಳು ಅವನನ್ನೇ ನೋಡಿದಳು. "ಯಾವಾಗಿಂದ?"

"ಆರನೇ ವಾರದಿಂದ." ಅವನು ಪೆನ್ಸಿಲನ್ನು ಮೇಜಿನ ಮೇಲಿಟ್ಟ. "ಫೈಲ್ ಮುಚ್ಚಿದ್ರೆ ನಿಮ್ಮನ್ನ ನೋಡೋಕಾಗಲ್ಲ ಅಂತ... ಈಗಲೇ ಡಾಕ್ಟ್ರಿಗೆ ಹೇಳ್ತೀನಿ."

"ಒಂದು ಹಾಳೆ ಸುಳ್ಳು ಅಂದ್ರೆ ಉಳಿದ ಹಾಳೆಗಳನ್ನ ಯಾರು ನಂಬ್ತಾರೆ?" ಅವಳ ದನಿ ಏರಲಿಲ್ಲ. "ಆರು ವಾರ ನನಗೇನೂ ಬರಲ್ಲ ಅಂದ್ಕೊಂಡು ಒದ್ದಾಡಿದೀನಿ."

ಯಂತ್ರದವರು ಬೋಲ್ಟ್ ಬಿಗಿಯುತ್ತಿದ್ದರು.

"ಫೈಲ್ ಮುಚ್ಚೋ ದಿನಕ್ಕೆ ನಾನೂ ಕಾಯ್ತಿದ್ದೆ," ಎಂದಳು ಮೆಲ್ಲಗೆ. "ಪೇಷಂಟ್ ಹತ್ರ ಏನೂ ಹೇಳೋ ಹಾಗಿಲ್ಲ ನಾವು. ಅವತ್ತು ಒಂದು ಟೀ ಕುಡಿಯೋಣ ಬನ್ನಿ ಅಂದಿದ್ರೆ ಬರ್ತಿದ್ದೆ."

ಟೈಲರ್ ಗೋಡೆ ಹಿಡಿದುಕೊಂಡ. "ಈಗ ಕೇಳಿದ್ರೆ?"

"ಬೇಡ. ನೀವು ಹೇಳೋದ್ರಲ್ಲಿ ಯಾವುದು ನಿಜ ಅಂತ ದಿನಾ ಅಳೀತಾ ಕೂರೋಕೆ ನನ್ನ ಕೈಲಾಗಲ್ಲ."

ಅವಳು ಅವನ ಫೈಲ್ ತೆಗೆದಳು. "ಕೊನೇ ಸಲ. ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು?"

"ಎರಡು."

ಬೆನ್ನಿನ ಮಟ್ಟಿಗೆ ಅದು ನಿಜ. ಎದೆಯದನ್ನು ಅವಳು ಕೇಳಲಿಲ್ಲ. ಎರಡು ಎಂದು ಬರೆದು ಫೈಲ್ ಮುಚ್ಚಿದಳು.

ಪುಸ್ತಕದ ಪೆಟ್ಟಿಗೆಯನ್ನು ಟೈಲರ್ ತಾನೇ ಎತ್ತಿದ. ಉಸಿರು ಬಿಗಿಹಿಡಿಯಬೇಡಿ, ಹೆದರದೆ ಬಗ್ಗಿ ಎಂದು ಅವಳು ಹೇಳಿಕೊಟ್ಟಿದ್ದ ಹಾಗೆಯೇ ಎತ್ತಿದ. ಹೊರಗೆ ನಿಂತಿದ್ದ ಟ್ಯಾಕ್ಸಿಯವರೆಗೆ ಹೊತ್ತು ತಂದು, ಅವಳು ಹತ್ತಿ ಕೂತ ಮೇಲೆ ಪಕ್ಕದ ಸೀಟಿನಲ್ಲಿಟ್ಟ. ಬೆನ್ನಿನ ನೋವು ಎರಡನ್ನು ದಾಟಲಿಲ್ಲ.

"ನೋಡಿ ಮೇಡಂ, ನಿಮ್ಮ ಪಾಠ," ಎಂದ.

ಅವಳ ಎಡಹುಬ್ಬು ತುಸು ಮೇಲೇರಿತು. ನಗು ಮಾತ್ರ ಬರಲಿಲ್ಲ. ಅವಳು ಮುಖ ಆಚೆ ತಿರುಗಿಸಿ, ಹೊರಡಿ ಎಂದು ಡ್ರೈವರನಿಗೆ ಹೇಳಿದಳು.