ಸುಮಾರಾಗಿ ಹಾಡುವವರು ಬೇಡ

ಮೈಕ್ ಸ್ಟ್ಯಾಂಡಿನ ಕಬ್ಬಿಣದ ಬುಡ ಅವನ ತಲೆಬುರುಡೆಯಲ್ಲಿ ಹೂತಿತ್ತು.

ಸತ್ತವನು ಟಿವಿಯ ಹಾಡಿನ ಸ್ಪರ್ಧೆಗೆ ಸ್ಪರ್ಧಿಗಳನ್ನು ಆರಿಸುತ್ತಿದ್ದವನು. ಬಿದ್ದಿದ್ದು ಒಂದೇ ಏಟಲ್ಲ. ಕೆಳಗುರುಳಿದ ಮೇಲೂ ಹೊಡೆದಿದ್ದರು. ಎಡಗಿವಿ ಇದ್ದ ಜಾಗದಲ್ಲಿ ಕಿವಿ ಇರಲಿಲ್ಲ. ಸದ್ದು ಹೊರಹೋಗದ ಕೋಣೆ. ಯಾರಿಗೂ ಏನೂ ಕೇಳಿಸಿರಲಿಲ್ಲ.

"ಯಾರಿಗೋ ಹಾಡು ಸರಿಯಿಲ್ಲ ಅಂದಿರಬೇಕು ಮೇಡಂ," ಎಂದ ಹೆಡ್ ಕಾನ್‌ಸ್ಟೆಬಲ್.

ಇನ್‌ಸ್ಪೆಕ್ಟರ್ ನಗಲಿಲ್ಲ. ಕಂಪ್ಯೂಟರ್ ಇನ್ನೂ ಚಾಲೂ ಇತ್ತು. ಕಾರ್ಯಕ್ರಮದ ಎಡಿಟರ್ ಗುಂಡಿ ಒತ್ತಿದ. ಪರದೆಯ ಮೇಲೆ ಹುಡುಗಿಯೊಬ್ಬಳು ಕಣ್ಣು ಮುಚ್ಚಿ ಹಾಡಿದಳು. ಶ್ರುತಿ ಒಂದು ದಿಕ್ಕು, ಅವಳೊಂದು ದಿಕ್ಕು. ಸಾಲು ಮುಗಿದಾಗಲೆಲ್ಲ ಕತ್ತೆ ಕೂಗಿತು.

"ಇದೇನ್ರೀ?"

"ನಗಿಸೋ ಸುತ್ತು ಮೇಡಂ. ತೀರಾ ಕೆಟ್ಟದಾಗಿ ಹಾಡೋರನ್ನ ಹುಡುಕಿ ಸೆಲೆಕ್ಟ್ ಮಾಡ್ತೀವಿ. ಯಾಕೆ ಅಂತ ಅವರಿಗೆ ಹೇಳಲ್ಲ. ಆದ್ರೆ ಈ ಕತ್ತೆ ನಂದಲ್ಲ. ನಿನ್ನೆ ನಾನು ಹೊರಟ ಮೇಲೆ ಸಾಹೇಬ್ರೇ ಸೇರಿಸಿದಾರೆ. ನಾನೂ ಈಗಲೇ ಕೇಳ್ತಿರೋದು."

ಎಡಿಟರ್ ಹೊರಟ ಮೇಲೆ ಬಂದವರು ಇಬ್ಬರೇ ಎಂದ ಗೇಟಿನ ಕಾವಲುಗಾರ. ಆಯ್ಕೆಯಾಗದೆ ಜಗಳಕ್ಕೆ ಬಂದ ಒಬ್ಬ ಯುವಕ. ಥ್ಯಾಂಕ್ಸ್ ಹೇಳಲು ಬಂದ ಆ ಹುಡುಗಿಯ ಅಪ್ಪ.

"ಥ್ಯಾಂಕ್ಸ್ ಹೇಳೋಕೆ ಬಂದವನು ತಲೆ ಒಡೀತಾನಾ? ಆ ಜಗಳಗಂಟನನ್ನ ಎಳ್ಕೊಂಡು ಬರೋಣ ಮೇಡಂ."

*

ಯುವಕ ಓಡಿದ. ಹೆಡ್ ಕಾನ್‌ಸ್ಟೆಬಲ್ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ. ಮೂಗು ಒಡೆಯಿತು. ಯುವಕನ ಮುಷ್ಟಿಗೆ ಆಗಲೇ ಬ್ಯಾಂಡೇಜಿತ್ತು.

"ಕೊಂದಿಲ್ಲ ಸಾರ್! 'ಚೆನ್ನಾಗಿ ಹಾಡೋರು ಬೇಕು, ಕೆಟ್ಟದಾಗಿ ಹಾಡೋರೂ ಬೇಕು. ನೀನು ಸುಮಾರು, ಯಾರಿಗೂ ಬೇಡ' ಅಂದ. ಸಿಟ್ಟಿಗೆ ಮುಂಬಾಗಿಲ ಗಾಜು ಗುದ್ದಿದೆ, ಅಷ್ಟೇ."

ಕಾವಲುಗಾರನೂ ಹೌದೆಂದ. ಯುವಕನ ಕೈಗೆ ಬಟ್ಟೆ ಸುತ್ತಿ ಕಳಿಸಿದ್ದು ಅವನೇ. ಆಮೇಲೆ ಸಾಹೇಬರೇ ಕೆಳಗಿಳಿದು, ಒಡೆದ ಗಾಜು ನೋಡಿ, ಬೈದು ಮೇಲೆ ಹೋಗಿದ್ದರು.

*

ಮನೆಯ ಮುಂದಿನ ಶೆಡ್ಡಿನಲ್ಲಿ ಹುಡುಗಿಯ ಅಪ್ಪ ವೆಲ್ಡಿಂಗ್ ನಿಲ್ಲಿಸಿ ಎದ್ದ.

"ಹೋಗಿದ್ದೆ ಮೇಡಂ. ಬಾಗಿಲು ತಟ್ಟಿದೆ, ತೆಗೀಲಿಲ್ಲ. ವಾಪಸ್ ಬಂದೆ."

"ಒಳಗೆ ಕಾಲೇ ಇಡಲಿಲ್ಲ?"

"ಇಲ್ಲ."

"ಹೋಗ್ಲಿ ಬಿಡಿ. ಅವನು ಸತ್ತರೂ ಕಾರ್ಯಕ್ರಮ ನಿಲ್ಲಲ್ಲ. ನಿಮ್ಮ ಮಗಳ ಹಾಡು ಇರೋ ಹಾಗೇ ಬರುತ್ತಂತೆ."

ಅವನ ಮುಖ ಸುಣ್ಣವಾಯಿತು.

"ಆ ಕತ್ತೆ ಸಮೇತನಾ?"

ಬಾಯಿಂದ ಜಾರಿದ್ದು ಅವನಿಗೂ ತಿಳಿಯಿತು. ಸುತ್ತಿಗೆ ಬೀಸಿದ. ಹೆಡ್ ಕಾನ್‌ಸ್ಟೆಬಲ್‌ನ ಮಣಿಕಟ್ಟು ಲಟ್ಟೆಂದಿತು. ಇನ್‌ಸ್ಪೆಕ್ಟರ್ ಲಾಠಿಯಿಂದ ಅವನ ಮೊಣಕಾಲಿಗೆ ಬಾರಿಸಿದಳು. ಬಿದ್ದವನ ಬೆನ್ನಿನ ಮೇಲೆ ಕೂತು ಕೋಳ ಹಾಕಿದಳು.

"ಎಡಿಟರ್ ಹೊರಟ ಮೇಲೆ ಸೇರಿಸಿದ ಕತ್ತೆ," ಎಂದಳು ಏದುಸಿರಿನಲ್ಲಿ. "ನಿನ್ನೆ ಅದನ್ನ ಕೇಳಿದವರು ಇಬ್ಬರೇ. ಸತ್ತವನು, ಕೊಂದವನು. ಆಯ್ಕೆಯಾಗದವರ ಸಿಟ್ಟನ್ನೇ ಹುಡುಕ್ತಾ ಇದ್ವಿ. ಸಿಟ್ಟು ಆಯ್ಕೆಯಾದವರ ಮನೇಲಿತ್ತು."

"ಬಾಗಿಲು ತೆರೆದೇ ಇತ್ತು ಮೇಡಂ, ನಾನು ಒಳಗೆ ಹೋದ ಮೇಲೆ ತಾನೇ ಮುಚ್ಕೊಂಡಿತು. ಮತ್ತೆ ಮತ್ತೆ ಕೂಗಿಸಿ ನಗ್ತಿದ್ದ. ಅದನ್ನ ತೆಗೀರಿ ಅಂತ ಕಾಲು ಹಿಡಿದೆ. 'ಕತ್ತೆ ಇಲ್ಲದಿದ್ರೆ ನಿನ್ನ ಮಗಳನ್ನ ಯಾರಯ್ಯಾ ನೋಡ್ತಾರೆ' ಅಂದ." ಅವನು ಕೆನ್ನೆಯನ್ನು ನೆಲಕ್ಕೊತ್ತಿದ. "ಯಾಕೆ ಕೊಂದೆ ಅಂತ ಅವಳಿಗೆ ಹೇಳಬೇಡಿ. ತಾನು ಚೆನ್ನಾಗಿ ಹಾಡ್ತೀನಿ ಅಂದ್ಕೊಂಡಿದಾಳೆ."

"ಕೋರ್ಟಲ್ಲಿ ಹೇಳಲೇಬೇಕು."

"ಇವತ್ತು ಬೇಡ."

ಅಷ್ಟರಲ್ಲಿ, ಸೇರಿದ ಜನರ ಬಾಯಲ್ಲಿ ಕೊಲೆಯ ಸುದ್ದಿ ಕೇಳಿ, ಮಗಳು ಬರಿಗಾಲಲ್ಲಿ ಓಡಿಬಂದಳು. ಅಪ್ಪನ ಅಂಗಿ ಹಿಡಿದು ಜಗ್ಗಿದಳು.

"ನನ್ನನ್ನ ಆರಿಸಿದವರನ್ನೇ ಯಾಕಪ್ಪಾ ಕೊಂದೆ?"

ಹೆಡ್ ಕಾನ್‌ಸ್ಟೆಬಲ್ ಬಾಯಿ ತೆರೆದ. ಇನ್‌ಸ್ಪೆಕ್ಟರ್ ದುರುಗುಟ್ಟಿ ನೋಡಿದಳು. ಅವನು ಬಾಯಿ ಮುಚ್ಚಿದ.

"ಕುಡಿದಿದ್ದೆ ಕಣಮ್ಮಾ," ಎಂದ ಅಪ್ಪ.

ಅವಳು ಅವನ ಮುಖಕ್ಕೆ ಉಗಿದಳು. ಕೈಗೆ ಕೋಳವಿತ್ತು. ಒರೆಸಿಕೊಳ್ಳದೆಯೇ ಜೀಪು ಹತ್ತಿದ.