ಮೂರು ಬೆರಳಿನ ನೀಲಿ

ನಾನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು, ಆದರೆ ಕುರುಡನಲ್ಲ. ಆರು ವರ್ಷ ಒಂದೇ ಸ್ಟುಡಿಯೋದಲ್ಲಿ ಕೂತು ಮದುವೆ ಫೋಟೊಗಳ ಬಣ್ಣ ಸರಿಮಾಡಿದ್ದೇನೆ.

ಅವತ್ತು ಮಧ್ಯಾಹ್ನ ತೆರೆದ ಗುಂಪು ಫೋಟೊದಲ್ಲಿ ಎಲ್ಲರ ಮುಖವೂ ನೀಲಿ ಹೊಡೆಯುತ್ತಿತ್ತು. ಅದೇನೂ ದೊಡ್ಡ ವಿಷಯವಲ್ಲ. ಕಲರ್ ಟೆಂಪರೇಚರ್ ಏರಿಸಿದರೆ ಇಡೀ ಫೋಟೊ ಬೆಚ್ಚಗಾಗುತ್ತದೆ. ಏರಿಸಿದೆ. ಎಲ್ಲರೂ ಸರಿಹೋದರು, ನಡುವೆ ಕೂತ ಅಜ್ಜಿ ಮಾತ್ರ ನೀಲಿಯಾಗೇ ಉಳಿದಳು. ಪರದೆ ಮೇಲಿನ ಬಣ್ಣದ ಗುಂಡಿಯನ್ನು ಕೊನೆವರೆಗೂ ಎಳೆದೆ. ಉಳಿದವರೆಲ್ಲ ಕಿತ್ತಳೆ ಹಣ್ಣಾದರು, ಅಜ್ಜಿ ಹಾಗೇ ಇದ್ದಳು.

ಓನರ್ ಬಂದು ನೋಡಿದ. "ಲೋ ಪಂಡಿತ, ಅಜ್ಜಿಗೆ ಯಾಕೋ ಬಣ್ಣ ಬಳಿದೆ? ಸಂಜೆಯೊಳಗೆ ಸರಿಮಾಡು, ಇಲ್ಲಾಂದ್ರೆ ಮನೆಗೆ ನಡಿ."

"ನಾನು ಮುಟ್ಟಿಲ್ಲ ಸಾರ್. ಬೇಕಾದ್ರೆ ನೀವೇ ಎಳೆದು ನೋಡಿ."

ಎಳೆದ. ಅಜ್ಜಿ ಬದಲಾಗಲಿಲ್ಲ. "ಫೋಟೊ ತೆಗೆಯೋವಾಗ ಅಜ್ಜಿ ಗದ್ದ ಹಿಡಿದು ಮುಖ ನೇರ ಮಾಡಿದ್ದೆ ಕಣೋ. ಐಸ್ ಮುಟ್ಟಿದಂಗಿತ್ತು," ಎಂದ.

ಕ್ಯಾಮೆರಾ ಕೆಟ್ಟಿರಬೇಕೆಂದು, ಬಣ್ಣ ಅಳೆಯುವ ಬೂದು ಕಾರ್ಡನ್ನು ತಾನೇ ಹಿಡಿದು ನಿಂತು ನನ್ನಿಂದ ಒಂದು ಫೋಟೊ ತೆಗೆಸಿದ. ಕಾರ್ಡು ಸರಿಯಾಗಿ ಬಂತು, ಅವನ ಮುಖವೂ ಸರಿಯಾಗಿ ಬಂತು. ಕಾರ್ಡು ಹಿಡಿದ ಮೂರು ಬೆರಳು ನೀಲಿಯಾಗಿದ್ದವು.

"ನನ್ನ ಹತ್ರಾನೇ ಆಟ ಆಡ್ತೀಯೇನೋ, ಅಕ್ಷರ ಬರದೋನೆ," ಎಂದು ಅದೇ ಕೈಯಲ್ಲಿ ಕೆನ್ನೆಗೆ ಬಾರಿಸಿದ. ನಾನು ಕೀಬೋರ್ಡ್ ಎತ್ತಿ ಗೋಡೆಗೆ ಅಪ್ಪಳಿಸಿ ಹೊರಗೆ ಬಂದೆ. ತಪ್ಪು ನನ್ನದಲ್ಲ, ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಆ ಏಟು ಉರಿಯಲೇ ಇಲ್ಲ. ತಣ್ಣಗಿತ್ತು.

ಹೊಸ ಕೆಲಸದಲ್ಲಿ ಗುರುತಿನ ಚೀಟಿಗೆ ಫೋಟೊ ಕೇಳುತ್ತಿದ್ದಾರೆ. ಎರಡು ವಾರದಿಂದ ಏನಾದರೊಂದು ನೆಪ ಹೇಳುತ್ತಿದ್ದೇನೆ.